ದಡದಿಂದಲೇ ಸಮುದ್ರಕ್ಕೆ ಗಾಳ: ಹೊಸದಾಗಿ ಶುರು ಮಾಡುವವರು ತಿಳಿದಿರಬೇಕಾದ್ದೇನು?

ದೋಣಿ, ಬಲೆ ಯಾವುದೂ ಇಲ್ಲದೆ ಸಮುದ್ರದ ಮೀನು ಹಿಡಿಯಲು ಇರುವ ಸುಲಭದ ದಾರಿ ಗಾಳ. ಮುಂಬೈನ ಬಂಡೆಗಳು, ಮಂಗಳೂರು–ಉಡುಪಿಯ ಅಳಿವೆ ಬಾಗಿಲುಗಳು, ಚೆನ್ನೈನ ಹಿನ್ನೀರು ಹೀಗೆ ಎಲ್ಲಿ ನೋಡಿದರೂ ರಜಾದಿನಗಳಲ್ಲಿ ಗಾಳದ ಕೋಲು ಹಿಡಿದವರು ಕಾಣಿಸುತ್ತಾರೆ. ಆದರೆ ಕೆರೆ, ಹೊಳೆಯಲ್ಲಿ ಗಾಳ ಹಾಕಿದ ಅನುಭವವಷ್ಟೇ ಕಡಲಿಗೆ ಸಾಲದು. ಇಲ್ಲಿ ನೀರು ದಿನವಿಡೀ ಏರುತ್ತ ಇಳಿಯುತ್ತ ಇರುತ್ತದೆ, ಅಲೆ ಹೇಳಿ ಕೇಳಿ ಬರುವುದಿಲ್ಲ. ಹೊಸಬರಿಗೆ ಬೇಕಾದ ಮುಖ್ಯ ಮಾಹಿತಿ ಇಲ್ಲಿದೆ.

ಯಾವ ಜಾಗ ಸೂಕ್ತ?

ದಡದಿಂದ ಗಾಳ ಹಾಕಲು ಸಾಮಾನ್ಯವಾಗಿ ಮೂರು ಬಗೆಯ ಜಾಗಗಳಿವೆ. ಮೊದಲನೆಯದು ಮರಳಿನ ಬೀಚ್. ಇಲ್ಲಿ ಕಾಣೆ, ತೇಡೆಯಂಥ ಮೀನು ಸಿಗುತ್ತವೆ. ಎರಡನೆಯದು ದಕ್ಕೆ, ಜೆಟ್ಟಿ ಹಾಗೂ ಬ್ರೇಕ್‌ವಾಟರ್‌ನ ಕಲ್ಲುಗಳು. ಕಲ್ಲಿನ ಸಂದಿಯಲ್ಲಿ ಕೆಂಬೇರಿ, ಮುರು ಮೀನುಗಳು ಅಡಗಿರುತ್ತವೆ. ಮೂರನೆಯದು ನದಿ ಕಡಲು ಸೇರುವ ಅಳಿವೆ. ಇಳಿತದ ಹೊತ್ತಿಗೆ ಸಿಗಡಿ, ಸಣ್ಣ ಮೀನು ನದಿಯಿಂದ ಹೊರಗೆ ಹರಿದುಬರುವುದರಿಂದ ದೊಡ್ಡ ಮೀನುಗಳು ಅಲ್ಲಿ ಕಾದಿರುತ್ತವೆ.

ಬಂದರಿನ ಎಲ್ಲ ಜಾಗವೂ ಸಾರ್ವಜನಿಕರಿಗೆ ಮುಕ್ತವಲ್ಲ. ದೊಡ್ಡ ಬಂದರು, ನೌಕಾನೆಲೆಗಳ ಸುತ್ತ ಪ್ರವೇಶ ನಿಷಿದ್ಧ. ಫಲಕ ನೋಡಿ, ಕಾವಲು ಸಿಬ್ಬಂದಿಯನ್ನು ಕೇಳಿಯೇ ಮುಂದುವರಿಯಬೇಕು. ಮೀನುಗಾರರು ದೋಣಿ ಕಟ್ಟುವ, ಬಲೆ ಎಳೆಯುವ ಜಾಗದಲ್ಲಿ ಗಾಳ ಬೀಸಬಾರದು.

ಸಾಮಗ್ರಿ ಏನು ಬೇಕು?

* ರಾಡ್: ಬೀಚ್‌ಗೆ 10ರಿಂದ 12 ಅಡಿ, ಜೆಟ್ಟಿಗೆ 7ರಿಂದ 9 ಅಡಿ ಸಾಕು. ಒಂದೇ ಕೊಳ್ಳುವುದಾದರೆ 9 ಅಡಿಯದ್ದು ಎರಡೂ ಕಡೆ ನಡೆಯುತ್ತದೆ.
* ರೀಲ್: 4000ದಿಂದ 6000 ಗಾತ್ರದ ಸ್ಪಿನ್ನಿಂಗ್ ರೀಲ್. ಉಪ್ಪುನೀರು ತಡೆಯುವಂಥದ್ದೇ ಆಗಿರಲಿ.
* ದಾರ: 0.35ರಿಂದ 0.40 ಮಿ.ಮೀ. ದಪ್ಪದ ನೈಲಾನ್ ಮೊನೊ ದಾರ. ಹೊಸಬರಿಗೆ ಹೆಣೆದ ದಾರಕ್ಕಿಂತ ಇದು ಸುಲಭ, ಸಿಕ್ಕು ಕಡಿಮೆ.
* ಸೀಸದ ತೂಕ: ಬೀಚ್‌ಗೆ 60ರಿಂದ 100 ಗ್ರಾಂ, ಜೆಟ್ಟಿಗೆ ಅದಕ್ಕಿಂತ ಹಗುರ.
* ಉಳಿದಂತೆ: ಸ್ವಿವೆಲ್, ಸಣ್ಣ–ಮಧ್ಯಮ ಗಾತ್ರದ ಕೊಕ್ಕೆ, ಇಕ್ಕಳ, ಚಾಕು, ತಲೆಗೆ ಕಟ್ಟುವ ಟಾರ್ಚ್, ಐಸ್ ಹಾಕಿದ ಡಬ್ಬ.

ಇಷ್ಟೆಲ್ಲ ಬೇಡ ಎನ್ನುವವರು ಜೆಟ್ಟಿಯಿಂದ ಕೈದಾರ ಇಳಿಬಿಟ್ಟೂ ಕಲಿಯಬಹುದು. ಕರಾವಳಿಯ ಮಕ್ಕಳು ಕಲಿಯುವುದು ಹೀಗೆಯೇ.

ಗಾಳ ಕಟ್ಟುವುದು ಹೇಗೆ?

ಮುಖ್ಯ ದಾರಕ್ಕೆ ತೂತಿರುವ ಸೀಸ ಪೋಣಿಸಿ, ತುದಿಗೆ ಸ್ವಿವೆಲ್ ಕಟ್ಟಬೇಕು. ಸ್ವಿವೆಲ್‌ನ ಇನ್ನೊಂದು ಬದಿಗೆ ಅರ್ಧ ಮೀಟರ್‌ನಷ್ಟು ಪ್ರತ್ಯೇಕ ದಾರ ಕಟ್ಟಿ, ಅದರ ತುದಿಗೆ ಕೊಕ್ಕೆ. ಮೀನು ಎಳೆದಾಗ ದಾರ ಸೀಸದೊಳಗೆ ಜಾರುವುದರಿಂದ ಅದಕ್ಕೆ ಭಾರ ತಿಳಿಯುವುದಿಲ್ಲ. ಕೊಕ್ಕೆ ಕಟ್ಟಲು ದಾರವನ್ನು ಐದಾರು ಸುತ್ತು ಸುತ್ತಿ ಹಾಕುವ ಕ್ಲಿಂಚ್ ಗಂಟು ಸಾಕು. ಗಂಟನ್ನು ಬಿಗಿಯುವ ಮೊದಲು ಒದ್ದೆ ಮಾಡಿಕೊಳ್ಳಬೇಕು. ಒಣಗಿದ ಗಂಟು ಬಿಗಿಯುವಾಗ ಬಿಸಿಯಾಗಿ ದಾರ ದುರ್ಬಲವಾಗುತ್ತದೆ.

ಎರೆಗೆ ಸಿಗಡಿ ಎಲ್ಲ ಕಡೆ ನಡೆಯುತ್ತದೆ. ಬೂತಾಯಿ, ಬಂಗುಡೆಯ ತುಂಡು, ಬೊಂಡಾಸವೂ ಆಗುತ್ತದೆ. ಬೊಂಡಾಸದ ತುಂಡು ಗಟ್ಟಿ, ಅಲೆಗೆ ಕೊಕ್ಕೆಯಿಂದ ಬೇಗ ಕಳಚಿಕೊಳ್ಳುವುದಿಲ್ಲ. ಗಾಳ ಬೀಸುವ ಮೊದಲು ಪ್ರತಿ ಸಲವೂ ಹಿಂದೆ ತಿರುಗಿ ನೋಡಬೇಕು. 100 ಗ್ರಾಂ ಸೀಸ ಯಾರದಾದರೂ ತಲೆಗೆ ಬಡಿದರೆ ಅಪಾಯ ಸಣ್ಣದಲ್ಲ.

ಯಾವ ಹೊತ್ತು ಒಳ್ಳೆಯದು?

ಸುಮಾರು 24 ಗಂಟೆ 50 ನಿಮಿಷದಲ್ಲಿ ಎರಡು ಬಾರಿ ಭರತ, ಎರಡು ಬಾರಿ ಇಳಿತ ಬರುತ್ತದೆ. ಹಾಗಾಗಿ ಭರತದ ಸಮಯ ದಿನವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ನೀರು ನಿಂತಂತಿರುವಾಗ ಮೀನು ಕಚ್ಚುವುದು ಕಡಿಮೆ, ಹರಿಯುವಾಗ ಹೆಚ್ಚು. ಭರತ ತುಂಬುವ ಕೊನೆಯ ಎರಡು ಗಂಟೆ ಮತ್ತು ಇಳಿತದ ಮೊದಲ ಒಂದೆರಡು ಗಂಟೆ, ಅದರಲ್ಲೂ ಅದು ಮುಂಜಾನೆಗೋ ಮುಸ್ಸಂಜೆಗೋ ಹೊಂದಿಬಂದರೆ ಉತ್ತಮ.

ಊರಿಂದ ಊರಿಗೆ ಈ ಲೆಕ್ಕ ಬದಲಾಗುತ್ತದೆ. ಚೆನ್ನೈಯಲ್ಲಿ ಏರಿಳಿತ ಹೆಚ್ಚೆಂದರೆ ಒಂದು ಮೀಟರ್‌ನ ಆಸುಪಾಸು. ಮುಂಬೈನಲ್ಲಿ ದೊಡ್ಡ ಭರತದ ದಿನ ನೀರಿನ ಮಟ್ಟ 4.5 ಮೀಟರ್ ದಾಟುತ್ತದೆ. ಇಳಿತದಲ್ಲಿ ಬಂಡೆಗಳ ಮೇಲೆ ದೂರ ನಡೆದು ಹೋದವರಿಗೆ, ವಾಪಸ್ ಬರುವಾಗ ದಾರಿಯೇ ಮುಳುಗಿರುತ್ತದೆ. ಹೀಗಾಗಿ ಮುಂಬೈನಲ್ಲಿ ಗಾಳ ಹಾಕುವವರು ಮೀನು ಕಚ್ಚುತ್ತಿದ್ದರೂ ಭರತ ಶುರುವಾಗುತ್ತಿದ್ದಂತೆ ದಡದತ್ತ ಸರಿಯಬೇಕು.

ಅಲೆಯನ್ನು ಓದುವುದು ಹೇಗೆ?

ಬೀಚ್‌ನಲ್ಲಿ ಅಲೆ ಎಲ್ಲ ಕಡೆ ಒಂದೇ ರೀತಿ ಒಡೆಯುವುದಿಲ್ಲ. ಮರಳ ದಿಬ್ಬದ ಮೇಲೆ ನೊರೆ ಏಳುತ್ತದೆ, ನಡುವಿನ ಆಳದ ಕಾಲುವೆಯಲ್ಲಿ ನೀರು ಶಾಂತವಾಗಿ, ಕಡು ಬಣ್ಣದಲ್ಲಿ ಕಾಣುತ್ತದೆ. ಮೀನು ದಡದ ಹತ್ತಿರ ಬರುವುದು ಈ ಕಾಲುವೆಯಲ್ಲೇ. ಆದರೆ ಮನುಷ್ಯರನ್ನು ಒಳಗೆಳೆಯುವ ರಿಪ್ ಕರೆಂಟ್ ಹರಿಯುವುದೂ ಅಲ್ಲೇ. ಗಾಳವನ್ನು ಅಲ್ಲಿಗೆ ಎಸೆಯಬಹುದು, ಕಾಲಿಡಬಾರದು. ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿಯುವ ಅಗತ್ಯವೇ ಇಲ್ಲ. ಸೆಳೆತಕ್ಕೆ ಸಿಕ್ಕಿದರೆ ನೇರ ದಡದ ಕಡೆ ಈಜದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು.

ಗಾಳಿ, ಮಳೆ ಇಲ್ಲದ ದಿನವೂ ದೊಡ್ಡ ಅಲೆ ಬರಬಹುದು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹುಟ್ಟಿ ಸಾವಿರಾರು ಕಿ.ಮೀ. ದೂರ ಸಾಗಿ ಬರುವ ಈ ಅಲೆಗಳನ್ನು ಕೇರಳದಲ್ಲಿ ‘ಕಲ್ಲಕ್ಕಡಲ್’, ಅಂದರೆ ಕಳ್ಳನಂತೆ ಬರುವ ಕಡಲು ಎನ್ನುತ್ತಾರೆ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಬೀಚ್‌ನಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ಮೃತಪಟ್ಟಾಗ ಇಂಥ ಅಲೆಗಳ ಎಚ್ಚರಿಕೆ ಮೊದಲೇ ಜಾರಿಯಲ್ಲಿತ್ತು. ಹೈದರಾಬಾದ್‌ನ ಇನ್‌ಕಾಯಿಸ್ ಸಂಸ್ಥೆ ಈ ಮುನ್ಸೂಚನೆ ನೀಡುತ್ತದೆ. ಮನೆಯಿಂದ ಹೊರಡುವ ಮುನ್ನ ಅದನ್ನೂ, ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯನ್ನೂ ನೋಡುವುದು ಕಡ್ಡಾಯವೆಂದೇ ತಿಳಿಯಬೇಕು.

ಬ್ರೇಕ್‌ವಾಟರ್‌ನಲ್ಲಿ ಎಚ್ಚರ

* ಮೊದಲು ಹದಿನೈದು ನಿಮಿಷ ದೂರ ನಿಂತು ಅಲೆ ಎಲ್ಲಿವರೆಗೆ ಹಾರುತ್ತದೆ ನೋಡಿ. ಒದ್ದೆಯಾದ ಕಲ್ಲಿಗೆ ಹೋಗಬೇಡಿ.
* ಹಸಿರು ಪಾಚಿ ಇರುವ ಕಲ್ಲು, ಟೆಟ್ರಾಪಾಡ್‌ಗಳ ಮೇಲೆ ನಿಲ್ಲಬೇಡಿ. ಸಂದಿಗೆ ಬಿದ್ದರೆ ಮೇಲೆತ್ತುವುದೇ ಕಷ್ಟ.
* ಚಪ್ಪಲಿ ಬೇಡ, ಹಿಡಿತವಿರುವ ಶೂ ಇರಲಿ. ಲೈಫ್ ಜಾಕೆಟ್ ತೊಟ್ಟಿರಿ. ಒಬ್ಬರೇ ಹೋಗಬೇಡಿ.
* ಗುಡುಗು ಕೇಳಿದರೆ ರಾಡ್ ಕೆಳಗಿಟ್ಟು ಹೊರಡಿ. ಕಾರ್ಬನ್ ರಾಡ್ ವಿದ್ಯುತ್ ವಾಹಕ.
* ಜಾರಿದ ಮೀನು, ರಾಡ್‌ಗಾಗಿ ನೀರಿಗೆ ಇಳಿಯಬೇಡಿ.
* ತುರ್ತು ಸಂದರ್ಭದಲ್ಲಿ 112, ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಕರೆ ಮಾಡಿ.

ಮೀನು ಸಿಕ್ಕ ಮೇಲೆ

ತೇಡೆಯ ಬೆನ್ನಿನ ಮೇಲೆ ಒಂದು, ಎರಡೂ ಪಕ್ಕಗಳಲ್ಲಿ ಒಂದೊಂದು ವಿಷದ ಮುಳ್ಳಿರುತ್ತದೆ. ತೊರಕೆಯ ಬಾಲದಲ್ಲೂ ಮುಳ್ಳಿದೆ. ಕೈಯಲ್ಲಿ ಹಿಡಿಯದೆ ಇಕ್ಕಳ ಬಳಸಬೇಕು. ಚುಚ್ಚಿದರೆ ಸುಡದಷ್ಟು ಬಿಸಿಯಾದ ನೀರಿನಲ್ಲಿ ಆ ಭಾಗ ಮುಳುಗಿಸಿದರೆ ನೋವು ಇಳಿಯುತ್ತದೆ. ನಂತರ ಆಸ್ಪತ್ರೆಗೆ ಹೋಗಲೇಬೇಕು. ಚೆಂಡಿನಂತೆ ಉಬ್ಬುವ ಪಫರ್ ಮೀನನ್ನು ತಿನ್ನಬಾರದು, ಅದರ ವಿಷ ಬೇಯಿಸಿದರೂ ಹೋಗದು. ನಗರದ ಚರಂಡಿ ನೀರು ಸೇರುವ ಕಡೆ ಹಿಡಿದ ಮೀನೂ ಅಡುಗೆಗೆ ಬೇಡ.

ಸಣ್ಣ ಮರಿಗಳನ್ನು ಒದ್ದೆ ಕೈಯಲ್ಲಿ ಹಿಡಿದು ನೀರಿಗೆ ಬಿಡಬೇಕು. ಕಡಲಾಮೆ, ಗರಗಸ ಮೀನು, ಕಡಲ್ಗುದುರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಂರಕ್ಷಿತ. ತಪ್ಪಿ ಸಿಕ್ಕರೂ ತಕ್ಷಣ ಬಿಡಬೇಕು. ತುಂಡಾದ ದಾರ ದಡದಲ್ಲಿ ಬಿಟ್ಟರೆ ಹಕ್ಕಿ, ಆಮೆಗಳಿಗೆ ಕುಣಿಕೆಯಾಗುತ್ತದೆ. ಹಾಗಾಗಿ ಸುತ್ತಿ ಮನೆಗೆ ತನ್ನಿ.

ಮಳೆಗಾಲದಲ್ಲಿ?

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31, ಪೂರ್ವದಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಇದು ದೋಣಿಗಳಿಗಾಗಿ ಇರುವ ನಿಯಮ. ಆದರೆ ಮಳೆಗಾಲದಲ್ಲಿ ಬೀಚ್‌ಗೆ ಇಳಿಯದಂತೆ ಜಿಲ್ಲಾಡಳಿತಗಳು ಪ್ರತ್ಯೇಕ ಆದೇಶ ಹೊರಡಿಸುವುದುಂಟು. ಆದೇಶವಿಲ್ಲದಿದ್ದರೂ ಪಶ್ಚಿಮ ಕರಾವಳಿಯಲ್ಲಿ ಹೊಸಬರು ಈ ತಿಂಗಳುಗಳಲ್ಲಿ ದೂರವಿರುವುದೇ ಲೇಸು. ಕಡಲು ಶಾಂತವಾಗುವ ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಅಲ್ಲಿ ಕಲಿಯಲು ಹೇಳಿ ಮಾಡಿಸಿದ್ದು. ಪ್ರತಿ ಬಾರಿ ಮನೆಗೆ ಬಂದ ಮೇಲೆ ರಾಡ್, ರೀಲನ್ನು ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದರೆ ಉಪ್ಪಿಗೆ ತುಕ್ಕು ಹಿಡಿಯದೆ ವರ್ಷಗಟ್ಟಲೆ ಬಾಳುತ್ತವೆ.