ಲೇಖಣಿ ಮತ್ತು ಹೊಟ್ಟೆಪಾಡು

ಹಾಸನದಿಂದ ಅರಸೀಕೆರೆಯ ಕಡೆಗೆ ಹೊರಟವರಿಗೆ ದುದ್ದದ ಸೀಮೆಯಲ್ಲಿ ಕೋರವಂಗಲದ ಬೂಚೇಶ್ವರ ದೇವಾಲಯ ಸಿಗುತ್ತದೆ. ವೀರಬಲ್ಲಾಳನ ಪಟ್ಟಾಭಿಷೇಕದ ಸಂತೋಷಕ್ಕಾಗಿ 1173ರಲ್ಲಿ ಬೂಚಿಯೆಂಬ ಸಿರಿವಂತ ಅಧಿಕಾರಿ ಅದನ್ನು ಕಟ್ಟಿಸಿದನು. ಅಂತಹ ಗುಡಿಗಳ ಶಾಸನಗಳನ್ನು ರಚಿಸುತ್ತಿದ್ದ ಕವಿಗಳಿಗೆ ಒಂದು ನೆಮ್ಮದಿಯಿತ್ತು. ಹೊಗಳಿಸಿಕೊಂಡವನೇ ಅನ್ನಕ್ಕೂ ದಾರಿ ಮಾಡುತ್ತಿದ್ದನು. ಮನಸ್ಸಿಗೆ ತೋಚಿದ್ದನ್ನೆಲ್ಲ ಬರೆಯುವ ಸ್ವಾತಂತ್ರ್ಯ ಇರಲಿಲ್ಲವೆಂಬುದು ಬೇರೆ ಮಾತು.

1843ರಲ್ಲಿ ಹೆರ್ಮನ್ ಮೋಗ್ಲಿಂಗನು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೇಲೆ ಕನ್ನಡದಲ್ಲಿ ಒಡೆಯನ ಜಾಗಕ್ಕೆ ಚಂದಾದಾರನು ಬಂದನು. ಈ ಹೊಸ ಒಡೆಯನು ಹೊಗಳಿಕೆಯನ್ನು ಕೇಳುವುದಿಲ್ಲ, ನಿಜ. ಆದರೆ ಅವನಿಂದ ವರ್ಷದ ಚಂದಾ ವಸೂಲಾಗುವುದು ಎಷ್ಟು ಕಷ್ಟವೆಂಬುದು ಪತ್ರಿಕೆ ನಡೆಸಿದವರಿಗೇ ಗೊತ್ತು! ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬಾ ಅವರು 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ, ಅನಂತರ ‘ಕರ್ನಾಟಕ ನಂದಿನಿ’ಯೆಂಬ ಪತ್ರಿಕೆಯ ಸಂಪಾದಕತ್ವವನ್ನೂ ವಹಿಸಿಕೊಂಡರು. ಲೇಖಕಿಯೂ ಅವರೇ, ಪ್ರಕಾಶಕಿಯೂ ಅವರೇ. ಪತ್ರಿಕೆ ಬಹುಕಾಲ ಬಾಳಲಿಲ್ಲ.

ಬರೆದೇ ಬದುಕುತ್ತೇನೆಂದು ಹಟ ಹಿಡಿದವರೆಂದರೆ ಅರಕಲಗೂಡು ನರಸಿಂಗರಾವ್ ಕೃಷ್ಣರಾಯರು, ನಮ್ಮೆಲ್ಲರ ಅ.ನ.ಕೃ. ಹುಟ್ಟಿದ್ದು 1908ರಲ್ಲಿ, ಕೋಲಾರದಲ್ಲಿ; ಆದರೆ ಹೆಸರಿನ ಮೊದಲಿಗೆ ನಿಂತದ್ದು ಹಾಸನ ಜಿಲ್ಲೆಯ ಊರು. ಅವರು ‘ಕಥಾಂಜಲಿ’, ‘ವಿಶ್ವವಾಣಿ’ಗಳನ್ನು ಸಂಪಾದಿಸಿದರು, ಸಾಹಿತ್ಯ ಪರಿಷತ್ತಿನ ‘ಕನ್ನಡ ನುಡಿ’ಗೂ ದುಡಿದರು. ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಇಷ್ಟು ಬರೆಯಬೇಕಿತ್ತೇ ಎಂದು ವಿಮರ್ಶಕರು ಮೂಗು ಮುರಿದದ್ದುಂಟು. ಬೆಳಗಾದರೆ ಅಕ್ಕಿಯ ಡಬ್ಬಿ ನೋಡಬೇಕಾದವನನ್ನು ತಿಂಗಳ ಸಂಬಳದವನು ಈ ಪ್ರಶ್ನೆ ಕೇಳುವುದು ನನಗೆ ಅಷ್ಟು ನ್ಯಾಯವೆನಿಸುವುದಿಲ್ಲ. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಅಶ್ಲೀಲವೆಂದು ಗದ್ದಲವೆದ್ದಾಗ ಅವರು ಹಿಂಜರಿಯದೆ ಇನ್ನೊಂದು ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಒಡೆಯನ ಹಂಗಿನಲ್ಲಿದ್ದಿದ್ದರೆ ಆ ಉತ್ತರ ಬರುತ್ತಿರಲಿಲ್ಲ. 1960ರಲ್ಲಿ ಮಣಿಪಾಲದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರನ್ನು ಕರೆಯಿತು.

ಇದೇ ಹಟವನ್ನು ಕೆನಡಾದಲ್ಲಿ ಮೇವಿಸ್ ಗ್ಯಾಲಂಟ್ ಎಂಬಾಕೆ ಹಿಡಿದಿದ್ದರು. ಮಾಂಟ್ರಿಯಲ್ ನಗರದ ಪತ್ರಿಕೆಯೊಂದರಲ್ಲಿದ್ದ ಕೆಲಸವನ್ನು 1950ರಲ್ಲಿ ಬಿಟ್ಟು, ಕತೆ ಬರೆದೇ ಬದುಕುವೆನೆಂದು ಪ್ಯಾರಿಸಿಗೆ ಹೋದರು. ಅವರ ನೂರಕ್ಕೂ ಮಿಕ್ಕ ಕತೆಗಳು ಅಮೆರಿಕದ ‘ನ್ಯೂಯಾರ್ಕರ್’ ಒಂದರಲ್ಲೇ ಅಚ್ಚಾದವು. ಅ.ನ.ಕೃ. ಅವರ ಬೆನ್ನಿಗೆ ಅಂತಹ ಪತ್ರಿಕೆ ಇರಲಿಲ್ಲ; ಅವರ ಕಾದಂಬರಿಗಳನ್ನು ಕೈಯಿಂದ ಕೈಗೆ ದಾಟಿಸಿ ಓದಿದ ಓದುಗರಿದ್ದರು, ಅಷ್ಟೆ.

ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ದಾರಿ ಬೇರೆ. ಗಾಂಧೀಜಿಯ ಕರೆಗೆ ಶಾಲೆ ಬಿಟ್ಟು, 1942ರಲ್ಲಿ ಸೆರೆಮನೆ ಕಂಡ ಅವರಿಗೆ ಬರವಣಿಗೆ ಕಸುಬಲ್ಲ, ಊರಿನೊಡನೆ ಆಡುವ ಮಾತು. ‘ಹಳ್ಳಿಯ ಚಿತ್ರಗಳು’ 1930ರಲ್ಲಿ ಬಂತು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ ಬಂದದ್ದು ಐವತ್ತು ವರ್ಷಗಳ ತರುವಾಯ.

ಇನ್ನು ಹಾಸನದಲ್ಲೇ 1948ರಲ್ಲಿ ಹುಟ್ಟಿದ ಬಾನು ಮುಷ್ತಾಕ್ ಅವರು. ಪಿ. ಲಂಕೇಶರು 1980ರಲ್ಲಿ ಜಾಹೀರಾತುಗಳ ಹಂಗಿಲ್ಲದೆ ಆರಂಭಿಸಿದ ‘ಲಂಕೇಶ್ ಪತ್ರಿಕೆ’ಗೆ ಆ ದಶಕದಲ್ಲಿ ಇವರು ವರದಿಗಾರ್ತಿ. ವರದಿಗಾರರಿಗೆ ಬಾಗಿಲುಗಳು ತೆರೆಯುತ್ತವೆ. ಯಾರ ಮನೆಯ ಅಳು ಯಾವ ಕೋಣೆಯದೆಂಬುದು ತಿಳಿಯುತ್ತದೆ. ಪತ್ರಿಕೆಗಾಗಿ ಕಂಡದ್ದು ಕತೆಯಲ್ಲಿ ಇಳಿಯಿತೆಂದು ನನ್ನ ಊಹೆ. ಮುಂದೆ ಅವರು ವಕೀಲರಾದರು. ಮುಸ್ಲಿಂ ಹೆಂಗಸರಿಗೆ ಮಸೀದಿ ಪ್ರವೇಶದ ಹಕ್ಕುಂಟೆಂದು ವಾದಿಸಿ, 2000ದಲ್ಲಿ ಸಾಮಾಜಿಕ ಬಹಿಷ್ಕಾರವನ್ನೂ ಉಂಡರು. 2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ ಅವರ ಕತೆಗಳ ಸಂಕಲನಕ್ಕೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂತು. 50,000 ಪೌಂಡುಗಳನ್ನು ಇಬ್ಬರಿಗೂ ಸಮನಾಗಿ ಹಂಚಿದರು. ಸಂಕಲನದಲ್ಲಿದ್ದವು ಹನ್ನೆರಡು ಕತೆಗಳು. ಅವನ್ನು ಬರೆಯಲು ಹಿಡಿದದ್ದು 1990ರಿಂದ 2023ರವರೆಗೆ, ಕೋರ್ಟಿನ ಕಡತಗಳ ನಡುವೆ ಬಿಡುವಾದಾಗ.