ಕೋಲಾರದ ಹೊನ್ನೂ ಅದರ ಲೆಕ್ಕವೂ

ತರೀಕೆರೆ-ಅಜ್ಜಂಪುರಗಳ ಸೀಮೆಯ ಬಂಡೆಗಳಲ್ಲಿ ಹೊನ್ನಿನ ಅಂಶವುಂಟೆಂದು ಭೂಗರ್ಭಶಾಸ್ತ್ರಜ್ಞರು ಹೇಳಿರುವರು. ಇದನ್ನು ಕೇಳಿ ಹಿಗ್ಗುವ ನಮ್ಮವರು ಹೊನ್ನು ದೊರೆತ ನೆಲದ ಗತಿ ಏನಾಯಿತೆಂಬುದನ್ನೂ ತಿಳಿಯುವುದು ಯುಕ್ತವು. ಅದಕ್ಕೆ ಹಳೆಯ ಮೈಸೂರು ಸಂಸ್ಥಾನದ ಕೋಲಾರಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

1802ರಲ್ಲಿ ಗಡಿಯ ಮೋಜಣಿಗೆ ಬಂದ ಜಾನ್ ವಾರೆನ್ ಎಂಬ ಬ್ರಿಟಿಷ್ ಸೇನಾಧಿಕಾರಿಯು, ಮಾರಿಕುಪ್ಪದ ಹಳ್ಳಿಗರು ಗುಣಿಗಳಿಂದ ಕಲ್ಲನ್ನು ತೆಗೆದು, ಕುಟ್ಟಿ, ತೊಳೆದು ಹೊನ್ನಿನ ಕಣಗಳನ್ನು ಆಯುತ್ತಿದ್ದುದನ್ನು ಕಂಡು ಬರೆದಿಟ್ಟನು. ನ್ಯೂಜಿಲೆಂಡಿನ ಯುದ್ಧದಿಂದ ಮರಳಿದ ಲಾವೆಲ್ ಎಂಬ ಐರಿಷ್ ಸೈನಿಕನು ಆ ಬರಹವನ್ನು ಓದಿ, 1871ರಲ್ಲಿ ಎತ್ತಿನ ಗಾಡಿಯೇರಿ ಅಲ್ಲಿಗೆ ಹೋದನು. 1875ರಲ್ಲಿ ಗಣಿಯ ಹಕ್ಕನ್ನು ಪಡೆದನು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಕೈಹಾಕಿದ ಮೇಲೆ ಹಳ್ಳಿಗರ ಗುಣಿಯು ಲಂಡನ್ನಿನ ಷೇರುದಾರರ ಗಣಿಯಾಯಿತು.

ಇದರಿಂದ ಜನಜೀವನದ ರೀತಿಯೇ ಬದಲಾಯಿತು. ಕುರುಚಲು ಬಯಲಿನಲ್ಲಿ ಪಟ್ಟಣವೆದ್ದಿತು. ಕಾರ್ನ್‌ವಾಲಿನ ಗಣಿಗಾರರು ಬಂದರು; ಆರ್ಕಾಟು, ಸೇಲಂ, ಚಿತ್ತೂರುಗಳ ಕಡೆಯಿಂದ ಬಡವರು ಬಂದರು. ಇವರಲ್ಲಿ ಬಹುಮಂದಿ ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರು. ಹೊಲದ ಜೀತಕ್ಕಿಂತ ಗಣಿಯ ಕೂಲಿಯೇ ಅವರಿಗೆ ಮೇಲಾಗಿ ತೋರಿತು. ಆದರೆ ದೊರೆಗಳಿಗೆ ಬಂಗಲೆಯೂ ಕ್ಲಬ್ಬೂ, ಕೂಲಿಗಳಿಗೆ ಬಿದಿರುತಟ್ಟಿಯ ಗುಡಿಸಲೂ ಒದಗಿದವು. ಕುಲಭೇದದಿಂದ ನೊಂದು ಬಂದವರಿಗೆ ಇಲ್ಲಿ ವರ್ಣಭೇದವೂ ಎದುರಾಯಿತು.

ಸಂಸ್ಥಾನಕ್ಕೆ ರಾಜಧನವು ಬಂದಿತೆಂಬುದು ನಿಜ. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿ ಹರಿದು ಗಣಿಗಳನ್ನು ಸೇರಿತು. ಬೆಂಗಳೂರಿನ ಬೀದಿಗಳಿಗೆ ಆ ದೀಪವು ಬಂದುದು 1905ರಲ್ಲಿ. ಹೀಗೆ ನಾಡಿನ ಬೆಳಕಿಗೂ ಹೊನ್ನೇ ಕಾರಣವಾಯಿತು. ಆ ಬೆಳಕಿನ ಬೆಲೆಯನ್ನು ತೆತ್ತವರಾರು? ಪಾತಾಳದಂತಹ ಆಳದಲ್ಲಿ ಬಂಡೆ ಸಿಡಿದು ಮಡಿದವರು, ಕಲ್ಲಿನ ಧೂಳಿನಿಂದ ಶ್ವಾಸಕೋಶವು ಕೆಟ್ಟವರು. 1930ರಲ್ಲಿ ಬೆರಳಿನ ಗುರುತನ್ನು ಒತ್ತಬೇಕೆಂಬ ಕಟ್ಟಳೆಯು ಬರಲು, ತಮ್ಮನ್ನು ಕಳ್ಳರಂತೆ ಕಾಣುವುದನ್ನು ಸಹಿಸದೆ ಸಾವಿರಾರು ಮಂದಿ ಕೆಲಸವನ್ನು ನಿಲ್ಲಿಸಿದರು. ಹೊನ್ನನ್ನು ಅಗೆದವರು ಮಾನವನ್ನು ಮಾರಲಿಲ್ಲ.

1956ರಲ್ಲಿ ಗಣಿಗಳು ಸರ್ಕಾರದ ವಶವಾದವು. 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟವು. ಸುಮಾರು 800 ಟನ್ನು ಹೊನ್ನು ಆ ನೆಲವನ್ನು ಬಿಟ್ಟುಹೋಯಿತು. ಉಳಿದವು ಸಯನೈಡಿನ ಮಣ್ಣುದಿಬ್ಬಗಳು ಮತ್ತು ಕೆಲಸವಿಲ್ಲದ ಮನೆಗಳು.

ಹೊನ್ನನ್ನು ದೂಷಿಸುವುದು ಈ ಬರಹದ ಉದ್ದೇಶವಲ್ಲ. ನಮ್ಮ ಸೀಮೆಯಲ್ಲಿ ಅದು ದೊರೆಯಲಿ, ದೊರೆಯದಿರಲಿ. ಹೊನ್ನಿನ ತೂಕವನ್ನು ಕೇಳುವ ಮೊದಲು, ಅದನ್ನು ಅಗೆಯುವವನ ಬಾಳು ಏನಾಗುವುದೆಂದು ಕೇಳುವ ವಿವೇಕವು ನಮಗಿರಲಿ.