ಹರಿಯದೆ ಉಳಿದ ಕಾಗದಗಳು

ಸಾವಿನ ಸುದ್ದಿ ತಂದ ಕಾಗದವನ್ನು ಓದಿದೊಡನೆ ಹರಿದುಬಿಡುವುದು ನಮ್ಮ ಮನೆಗಳ ಹಳೆಯ ರೂಢಿ. ಲಗ್ನಪತ್ರಿಕೆಗಾದರೋ ನಾಲ್ಕು ಮೂಲೆಗೂ ಅರಿಸಿನ ಸವರಿ, ದೇವರ ಮುಂದಿಟ್ಟು, ಬಳಿಕ ಪೆಟ್ಟಿಗೆಯಲ್ಲಿ ಜೋಪಾನ ಮಾಡುತ್ತಿದ್ದರು. ಹೀಗಾಗಿ ಮನೆತನದ ಕಾಗದಪತ್ರಗಳನ್ನಷ್ಟೇ ನೆಚ್ಚಿ ಇತಿಹಾಸ ಬರೆಯಹೊರಟವನಿಗೆ, ಕಳೆದ ನೂರು ವರುಷ ಈ ನಾಡಿನ ಜನ ಮದುವೆಯಾದರೇ ಹೊರತು ಯಾರೂ ಸಾಯಲಿಲ್ಲವೆಂದು ತೋರಿದರೆ ಆಶ್ಚರ್ಯವಿಲ್ಲ!

ದಾಂಡೇಲಿಯಿಂದ ಅಂಬಿಕಾನಗರದತ್ತ ಹೋಗುವ ದಾರಿಯಲ್ಲಿ ಕುಳಗಿ ಸಿಗುತ್ತದೆ. ಹೊರಗಿನವರಿಗೆ ಅದು ಕಾಡು ನೋಡಲು ಬಂದವರು ತಂಗುವ ಶಿಬಿರ. ಕಾಡಿನ ಪ್ರಾಣಿಪಕ್ಷಿಗಳ ಪರಿಚಯ ಮಾಡಿಕೊಡುವ ಕೇಂದ್ರವೊಂದನ್ನು ಅರಣ್ಯ ಇಲಾಖೆಯವರು ಅಲ್ಲಿ ಇಟ್ಟಿದ್ದಾರೆ. ಒಳ್ಳೆಯ ಕೆಲಸವೇ. ಆದರೆ ಅದೇ ಕಾಡಿನ ನಡುವೆ ಬಾಳಿದ ಮನುಷ್ಯರ ಕಾಗದಪತ್ರಗಳಿಗೆಂದು ಈ ಸೀಮೆಯಲ್ಲಿ ಒಂದು ಕಪಾಟಾದರೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಹೀಗೆನ್ನಲು ಕಾರಣವುಂಟು. ಇದೇ ಕಾಳಿಯ ಮೇಲ್ಗಡೆ ಸೂಪಾ ಎಂಬ ಊರಿತ್ತು. ತಾಲೂಕಿಗೆ ಹೆಸರು ಕೊಟ್ಟ ಊರು. 101 ಮೀಟರು ಎತ್ತರದ ಅಣೆಕಟ್ಟಿನ ಹಿನ್ನೀರು ಅದನ್ನೂ ಸುತ್ತಣ ಹಳ್ಳಿಗಳನ್ನೂ ನುಂಗಿತು. ಅಣೆಕಟ್ಟಿನ ಕೆಲಸ 1987ರಲ್ಲಿ ಮುಗಿಯಿತು. ಜನ ರಾಮನಗರವೇ ಮೊದಲಾದ ಕಡೆಗಳಿಗೆ ಚದುರಿದರು. ಮುಳುಗಿದ ಹೊಲಗದ್ದೆಗಳ ಲೆಕ್ಕ ಸರಕಾರದ ದಫ್ತರದಲ್ಲಿ ಸಿಕ್ಕೀತು. ಯಾವ ಮನೆಯ ಹೆಣ್ಣು ಯಾವ ಮನೆಗೆ ಹೋದಳು, ಯಾವ ಘಟ್ಟ ಇಳಿದು ದಿಬ್ಬಣ ಬಂತು ಎಂಬುದು ಅಲ್ಲಿ ಸಿಗದು. ಅದು ಇರುವುದು, ಗಡಿಬಿಡಿಯಲ್ಲಿ ಗಾಡಿಗೇರಿಸಿದ ಟ್ರಂಕಿನ ತಳದಲ್ಲಿ, ಬೆಂಡಿನ ಬಾಸಿಂಗದ ಪಕ್ಕದಲ್ಲಿ.

ಈ ಸೀಮೆಯ ಕಾಗದಗಳನ್ನು ಓದುವುದು ಸುಲಭವಲ್ಲ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಕ್ಯಾಸಲ್‌ರಾಕಿನ ಆಚೆ 1961ರ ಡಿಸೆಂಬರಿನವರೆಗೂ ಪೋರ್ತುಗೀಜರ ಆಳ್ವಿಕೆ. ಮನೆಯ ಮಾತು ಕೊಂಕಣಿ, ಲೆಕ್ಕ ಮರಾಠಿ, ಶಾಲೆಯ ಅಕ್ಷರ ಕನ್ನಡ ಎನ್ನುವಂಥ ಕುಟುಂಬಗಳು ಇಲ್ಲಿ ಅಪರೂಪವಲ್ಲ. ಅಜ್ಜ ಮೋಡಿಯಲ್ಲಿ ಬರೆದದ್ದನ್ನು ಮೊಮ್ಮಗ ಓದಲಾರ. ಓದಲಾಗದ್ದು ರದ್ದಿ ಎಂದು ಬಗೆಯುವುದು ಮನುಷ್ಯ ಸಹಜ.

ಕಾಲ ನಿರ್ಣಯವೂ ಒಂದು ಪೇಚು. ಬರೆದವರು ಸಂವತ್ಸರದ ಹೆಸರನ್ನಷ್ಟೇ ಹಾಕಿ ಸುಮ್ಮನಾಗಿರುತ್ತಾರೆ. ಅರುವತ್ತು ವರುಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ಶುಕ್ಲ ಎಂದರೆ 1869ರದೋ 1929ರದೋ ಎಂದು ಕೇಳಬೇಕಾಗುತ್ತದೆ. ಆಗ ಕೈಹಿಡಿಯುವವನು ಅಂಚೆಯವನು. ಕಾಲಾಣೆಯ ಪೋಸ್ಟ್ ಕಾರ್ಡು ಈ ದೇಶಕ್ಕೆ ಬಂದದ್ದು 1879ರಲ್ಲಿ. ಅದರ ಮೇಲೆ ವಿಕ್ಟೋರಿಯಾ ರಾಣಿಯ ಮುಖವಿದೆಯೋ ಐದನೆಯ ಜಾರ್ಜನದೋ ನೋಡಿದರೆ ಅರ್ಧ ಜಗಳ ತೀರುತ್ತದೆ. ಮುದ್ರೆ ಅಳಿಸಿರದಿದ್ದರೆ ಪೂರ್ತಿ ತೀರುತ್ತದೆ.

ಅದೇ ಶುಕ್ಲ ಸಂವತ್ಸರದ ಮಾಘ ಫಾಲ್ಗುಣಗಳ ಲಗ್ನಪತ್ರಿಕೆ ಸಿಕ್ಕರೆ ನಾನು ಎರಡು ಸಲ ನೋಡುತ್ತೇನೆ. ಹೆಣ್ಣಿಗೆ ಹದಿನಾಲ್ಕು, ಗಂಡಿಗೆ ಹದಿನೆಂಟು ತುಂಬಿರಬೇಕೆಂದು ವಿಧಿಸಿದ ಶಾರದಾ ಕಾಯಿದೆ ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. ಅದಕ್ಕೆ ಮೊದಲೇ ಮುಗಿಸಿಬಿಡೋಣವೆಂದು ದೇಶದ ಉದ್ದಗಲಕ್ಕೂ ಎಳೆಯ ಮಕ್ಕಳ ಮದುವೆಗಳು ನುಗ್ಗಿ ನಡೆದವು. ಪತ್ರಿಕೆಯಲ್ಲಿ ವಯಸ್ಸು ಬರೆಯುವ ಪದ್ಧತಿಯಿಲ್ಲ, ‘ಚಿ. ಸೌ.’ ಎಂಬ ಎರಡಕ್ಷರದ ಹಿಂದೆ ಎಂಟು ವರುಷದ ಹುಡುಗಿ ಇದ್ದಿರಬಹುದು. ಅವಳ ವಯಸ್ಸು ತಿಳಿಯಬೇಕಾದರೆ ಅದೇ ಪೆಟ್ಟಿಗೆಯ ಜಾತಕವನ್ನು ಬಿಚ್ಚಬೇಕು. ಒಂದು ಕಾಗದಕ್ಕೆ ಇನ್ನೊಂದು ಸಾಕ್ಷಿ. ಆದ್ದರಿಂದ ಕಟ್ಟನ್ನು ಬಿಡಿಸಿ ಚಂದ ಕಂಡದ್ದನ್ನಷ್ಟೇ ಆರಿಸಿಡುವುದು ತರವಲ್ಲ. ಮುಯ್ಯಿಯ ಪಟ್ಟಿಯನ್ನಂತೂ ಎಸೆಯಲೇಬಾರದು. ಯಾರು ಒಂದು ರೂಪಾಯಿ ಕೊಟ್ಟರು, ಯಾರು ಒಂದು ಕಣ ಕೊಟ್ಟರು ಎಂಬ ಆ ಸಾಲುಗಳಲ್ಲಿ ನೆಂಟರ, ನೆರೆಯವರ, ಒಕ್ಕಲುಗಳ ಹೆಸರು ಒಟ್ಟಿಗೆ ಸಿಗುತ್ತದೆ. ಮುಳುಗಿದ ಊರಿಗೆ ಅದಕ್ಕಿಂತ ಒಳ್ಳೆಯ ಜನಗಣತಿ ಬೇರೆ ಯಾವುದು?

ಕೆಳದಿಯ ಗುಂಡಾ ಜೋಯಿಸರು ಮನೆಮನೆಯ ಓಲೆಗರಿ, ಕಡತಗಳನ್ನು ಕೂಡಿಸಿ ತಮ್ಮ ಊರಿನಲ್ಲೇ ವಸ್ತುಸಂಗ್ರಹಾಲಯವನ್ನು ಕಟ್ಟಿದರು. ಹುಣಿಸೆಬೀಜದ ಸರಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಬಳಪದಿಂದ ಬರೆದ ಕಡತ ಇಂದಿಗೂ ಓದಲು ಬರುತ್ತದೆ. ಒಬ್ಬ ಮನುಷ್ಯನ ಹಟದಿಂದ ಇಷ್ಟಾಗುವುದಾದರೆ ತಾಲೂಕಿಗೊಂದು ಕಾಲೇಜು ಇರುವ ನಮಗೆ ಏನು ದಾಡಿ?

ಮನೆಯವರ ಸಂಕೋಚ ನನಗೆ ಅರ್ಥವಾಗುತ್ತದೆ. ‘ಉಭಯ ಕುಶಲೋಪರಿ’ ಎಂದು ಮೊದಲಾದ ಕಾಗದ ನಾಲ್ಕನೆಯ ಸಾಲಿಗೇ ವರದಕ್ಷಿಣೆಯ ಬಾಕಿಗೆ ಇಳಿದಿರುತ್ತದೆ. ಸೊಸೆಯನ್ನು ತವರಿಗೆ ಕಳಿಸದ ಜಗಳ ಇರುತ್ತದೆ. ಆ ಸೊಸೆಯೇ ಇಂದಿನ ಅಜ್ಜಿಯಾಗಿದ್ದರೆ ಅವರ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟುವ ಅಧಿಕಾರ ಯಾವ ಸಂಶೋಧಕನಿಗೂ ಇಲ್ಲ. ಮೂಲವನ್ನು ಮನೆಯಲ್ಲೇ ಬಿಟ್ಟು ಛಾಯಾಪ್ರತಿಯನ್ನು ಕಾಲೇಜಿನಲ್ಲಿಡಬಹುದು; ಇಂತಿಷ್ಟು ವರುಷ ತೆರೆಯಕೂಡದೆಂಬ ಕರಾರಿನಿಂದಲೂ ಇಡಬಹುದು.

ಅಲ್ಲಿಯವರೆಗೆ ಕಾಗದಗಳು ಬದುಕಬೇಕಲ್ಲ! ಒಲೆಯ ಮೇಲಿನ ಅಟ್ಟದ ಹೊಗೆ ಹಿಂದೆ ಹುಳುವನ್ನು ದೂರವಿಡುತ್ತಿತ್ತು. ಗ್ಯಾಸು ಬಂದ ಮೇಲೆ ಆ ಕಾವಲು ತಪ್ಪಿತು. ಕಟ್ಟಿನ ನಡುವೆ ಬಜೆಯ ತುಂಡು ಇಡಬಹುದು. ಪ್ಲಾಸ್ಟಿಕ್ ಹಾಳೆಯನ್ನು ಬಿಸಿಮಾಡಿ ಅಂಟಿಸುವ ಈಗಿನ ಚಾಳಿ ಬೇಡವೇ ಬೇಡ. ಹಿರಿಯರನ್ನು ಕೂಡಿಸಿಕೊಂಡು, ಯಾರ ಮದುವೆ, ಯಾವ ಊರು ಎಂದು ಕೇಳಿ ಪ್ರತಿಯೊಂದರ ಹಿಂಬದಿಯಲ್ಲಿ ಬರೆದಿಡಿ. ಪೆನ್ಸಿಲಿನಿಂದಲೇ ಬರೆಯಿರಿ, ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಶಾಯಿ ನಿಲ್ಲುವುದಿಲ್ಲ.